ಪುನರ್ವಿಚಾರಕ್ಕೆ ಅರ್ಹವಾದ ಪ್ರಶ್ನೆ ಯಾವುದು?

ಪ್ರಶ್ನೆಯಿಲ್ಲದೆ ಅರಿವಿಲ್ಲ, ನಿರ್ಣಯವಿಲ್ಲದೆ ಬಾಳಿಲ್ಲ. ಅರಿಯದವನು ಕೇಳಿ, ಬಲ್ಲವನು ಹೇಳಿ, ಹೇಳಿದುದು ಕೇಳಿದವನ ಮನಸ್ಸಿನಲ್ಲಿ ನೆಲೆಗೊಂಡಾಗ ಪ್ರಶ್ನೆಯು ಮುಗಿಯುತ್ತದೆ. ಹೀಗೆ ಮುಗಿದ ಪ್ರಶ್ನೆಯ ಮೇಲೆಯೇ ಮುಂದಿನ ಪ್ರಶ್ನೆಯು ನಿಲ್ಲಬೇಕು. ತಳಹದಿಯ ಕಲ್ಲನ್ನು ದಿನವೂ ಕಿತ್ತು ನೋಡುವವನ ಮನೆಗೆ ಮಾಡು ಬರುವುದಿಲ್ಲ. ಆದರೆ ಎಲ್ಲ ಪ್ರಶ್ನೆಗಳೂ ತಾವಾಗಿ ಮುಗಿಯುವುದಿಲ್ಲ, ಕೆಲವನ್ನು ಮುಗಿಸಲಾಗುತ್ತದೆ. ಇದಕ್ಕೆ ಹಿಂದೆಯೇ ಉತ್ತರ ಹೇಳಿಯಾಗಿದೆ, ಇದು ಕೇಳತಕ್ಕ ಪ್ರಶ್ನೆಯೇ ಅಲ್ಲ, ಇದಕ್ಕೆ ಉತ್ತರವಿಲ್ಲ ಎಂದು ಬಲ್ಲವರು ಕದವಿಕ್ಕುತ್ತಾರೆ. ಹೊರಗೆ ಉಳಿದವನು ಮರಳಿ ಬಂದು ಕದ ತಟ್ಟುತ್ತಾನೆ. ಆಗ ತೆರೆಯಬೇಕೆ, ತೆರೆಯಬಾರದೆ? ತೆರೆಯುವುದಾದರೆ ಯಾರಿಗೆ, ಯಾವಾಗ, ಯಾವ ಕಾರಣಕ್ಕೆ? ಪಾಠಶಾಲೆಯ ಗುರುವಿಗೂ, ನ್ಯಾಯಪೀಠದಲ್ಲಿ ಕುಳಿತವನಿಗೂ, ವಿದ್ವತ್ಸಭೆಗೂ, ಮನೆಯ ಹಿರಿಯನಿಗೂ ಸಮಾನವಾಗಿ ಎದುರಾಗುವ ಧರ್ಮಸಂಕಟವಿದು.

ಇಲ್ಲಿ ಎರಡು ಬಗೆಯ ದೋಷಗಳುಂಟು. ತಟ್ಟಿದವರಿಗೆಲ್ಲ ತೆರೆಯುವುದು ಒಂದು; ಯಾರು ತಟ್ಟಿದರೂ ತೆರೆಯದಿರುವುದು ಇನ್ನೊಂದು. ಮೊದಲನೆಯದು ದಯೆಯಂತೆ ತೋರುತ್ತದೆ, ಎರಡನೆಯದು ದೃಢತೆಯಂತೆ ತೋರುತ್ತದೆ. ವಿಚಾರಮಾಡಿ ನೋಡಿದರೆ ಮೊದಲನೆಯದು ದಯೆಯೂ ಅಲ್ಲ, ಎರಡನೆಯದು ದೃಢತೆಯೂ ಅಲ್ಲವೆಂಬುದು ವೇದ್ಯವಾಗುತ್ತದೆ.

ಮೊದಲು, ಕದವಿಕ್ಕುವುದು ಏತಕ್ಕೆ ಅವಶ್ಯಕವೆಂಬುದನ್ನು ತಿಳಿಯಬೇಕು. ಬಲ್ಲವನ ಕಾಲವು ಮಿತವಾದುದು, ಕೇಳುವವರು ಅಮಿತರು. ಒಬ್ಬನೇ ಹತ್ತು ಸಲ ಒಂದೇ ಪ್ರಶ್ನೆಯನ್ನು ಕೇಳಿ ಹತ್ತು ಸಲವೂ ಉತ್ತರ ಪಡೆದರೆ, ಹಿಂದೆ ಕಾದು ನಿಂತ ಒಂಬತ್ತು ಮಂದಿ ಉತ್ತರವಿಲ್ಲದೆ ಹಿಂದಿರುಗುತ್ತಾರೆ. ಅವರು ಕೂಗುವವರಲ್ಲ, ಆದುದರಿಂದ ಅವರ ನಷ್ಟವು ಕಣ್ಣಿಗೆ ಬೀಳುವುದಿಲ್ಲ. ಕೂಗುವವನಿಗೆ ತೋರಿದ ದಯೆಯು ಕೂಗದವನಿಗೆ ಮಾಡಿದ ಅನ್ಯಾಯವಾಗಿ ಪರಿಣಮಿಸುತ್ತದೆ. ಹಿಟ್ಟನ್ನೇ ಮತ್ತೆ ಬೀಸುವುದಕ್ಕೆ ಶಾಸ್ತ್ರಜ್ಞರು 'ಪಿಷ್ಟಪೇಷಣ'ವೆಂದು ಹೆಸರಿಟ್ಟಿರುವರು. ಕಲ್ಲು ಸವೆಯುತ್ತದೆ, ತೋಳು ಸೋಲುತ್ತದೆ, ಹಿಟ್ಟು ಮಾತ್ರ ಹೆಚ್ಚುವುದಿಲ್ಲ.

ನ್ಯಾಯದರ್ಶನದಲ್ಲಿ ವಾದಿಯು ಸೋತನೆಂದು ತೀರ್ಮಾನಿಸುವ ಸ್ಥಾನಗಳನ್ನು ನಿಗ್ರಹಸ್ಥಾನಗಳೆಂದು ಎಣಿಸಿದೆ. ಅವುಗಳಲ್ಲಿ 'ಪುನರುಕ್ತ'ವೂ ಒಂದು. ಹೇಳಿದ ಮಾತನ್ನೇ, ಹೇಳಿದ ಅರ್ಥವನ್ನೇ ಮರಳಿ ಹೇಳುವವನು ವಾದದಲ್ಲಿ ಸೋತಂತೆಯೇ. ಆದರೆ ಗೌತಮರು ಅಲ್ಲಿಯೇ ಒಂದು ವಿನಾಯಿತಿಯನ್ನೂ ಇಟ್ಟಿರುವರು: 'ಅನುವಾದ'ವು ಪುನರುಕ್ತವಲ್ಲ. ಅಂದರೆ, ಪ್ರಯೋಜನವಿದ್ದು ಮರಳಿ ಹೇಳಿದ ಮಾತು ದೋಷವಲ್ಲ. ಪ್ರತಿಜ್ಞೆಯನ್ನು ಹೇಳಿ, ಹೇತುವನ್ನು ತೋರಿಸಿ, ಉದಾಹರಣೆಯಿಂದ ಬೆಳಗಿಸಿ, ಕೊನೆಗೆ ನಿಗಮನದಲ್ಲಿ ಅದೇ ಪ್ರತಿಜ್ಞೆಯನ್ನು ಮತ್ತೆ ಉಚ್ಚರಿಸುವಾಗ, ಶಬ್ದವು ಹಳೆಯದಾದರೂ ಅದರ ಬಲವು ಹೊಸದು. ನಡುವೆ ಹೇತುವು ಬಂದು ಸೇರಿದೆ. ಎರಡು ಸಲ ಬಂದ ಒಂದೇ ಮಾತಿಗೆ ನಡುವೆ ಏನು ಸೇರಿತು ಎಂಬುದನ್ನು ನೋಡಿ ಗುಣದೋಷವನ್ನು ನಿರ್ಣಯಿಸಬೇಕೆಂಬ ಸೂಕ್ಷ್ಮವು ಇಲ್ಲಿ ಅಡಗಿದೆ. ಪ್ರಕೃತ ವಿಷಯದ ಬೀಜವೂ ಇದೇ.

ಈ ಬೀಜವು ಲೋಕದಲ್ಲಿ ಹೇಗೆ ಫಲಿಸಿತೆಂಬುದನ್ನು ಪರದೇಶದ ಒಂದು ವಿದ್ವತ್ಸಭೆಯ ಚರಿತ್ರೆಯಿಂದ ತಿಳಿಯಬಹುದು. ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ವಿಜ್ಞಾನಗಳ ಅಕಾಡೆಮಿಯೆಂಬ ಪರಿಷತ್ತು ಹದಿನೇಳನೆಯ ಶತಮಾನದಿಂದ ಪ್ರಸಿದ್ಧವಾಗಿತ್ತು. ದೇಶದ ಮೂಲೆಮೂಲೆಗಳಿಂದ ಜನರು ತಮ್ಮ ಶೋಧಗಳನ್ನು ಬರೆದು ಅದಕ್ಕೆ ಕಳುಹುತ್ತಿದ್ದರು. ಪಂಡಿತರು ಓದಿ ಅಭಿಪ್ರಾಯ ಹೇಳುತ್ತಿದ್ದರು. ಹೀಗೆ ಬಂದ ಬರಹಗಳಲ್ಲಿ ನಾಲ್ಕು ವಿಷಯಗಳು ಮತ್ತೆ ಮತ್ತೆ ತಲೆದೋರುತ್ತಿದ್ದುವು. ಅಳತೆಗೆರೆಯಿಲ್ಲದ ಪಟ್ಟಿ ಮತ್ತು ಕೈವಾರಗಳೆರಡರಿಂದಲೇ ವೃತ್ತಕ್ಕೆ ಸಮನಾದ ಚೌಕವನ್ನು ರಚಿಸುವುದು, ಕೋನವನ್ನು ಮೂರು ಸಮಭಾಗ ಮಾಡುವುದು, ಘನವನ್ನು ಇಮ್ಮಡಿಗೊಳಿಸುವುದು, ಒಮ್ಮೆ ನೂಕಿದರೆ ಎಂದೆಂದಿಗೂ ತಾನೇ ತಿರುಗುವ ಯಂತ್ರವನ್ನು ಕಟ್ಟುವುದು. 1775ರಲ್ಲಿ ಪರಿಷತ್ತು ಒಂದು ನಿರ್ಣಯವನ್ನು ಮಾಡಿತು: ಈ ನಾಲ್ಕು ವಿಷಯಗಳ ಯಾವ ಬರಹವನ್ನೂ ಇನ್ನು ಮುಂದೆ ಪರೀಕ್ಷಿಸುವುದಿಲ್ಲ.

ಈ ನಿರ್ಣಯದಲ್ಲಿ ವಾಚಕರು ಎರಡು ಅಂಶಗಳನ್ನು ಗಮನಿಸಬೇಕು. ಪರಿಷತ್ತು ಕದವಿಕ್ಕಿ ಸುಮ್ಮನಾಗಲಿಲ್ಲ. ಏಕೆ ಇಕ್ಕಿತೆಂಬುದನ್ನು ಬರೆದು ಪ್ರಕಟಿಸಿತು. ದೀರ್ಘಕಾಲದ ಅನುಭವದಿಂದ ಇಂಥ ಬರಹಗಳಿಂದ ಏನೂ ಪ್ರಯೋಜನವಾಗದೆಂದು ತಿಳಿದಿರುವುದಾಗಿಯೂ, ಶಾಶ್ವತಯಂತ್ರದ ಹುಚ್ಚಿನಿಂದ ಎಷ್ಟೋ ಸಂಸಾರಗಳು ಹಾಳಾದುವೆಂದೂ, ಉಪಯುಕ್ತ ಕಾರ್ಯ ಮಾಡಬಲ್ಲ ಶಿಲ್ಪಿಗಳು ತಮ್ಮ ಹಣ, ಕಾಲ, ಬುದ್ಧಿಗಳನ್ನು ಅದರಲ್ಲಿ ಸುಟ್ಟುಕೊಂಡರೆಂದೂ ಕಾರಣ ಹೇಳಿತು. ಕದವಿಕ್ಕಿದುದು ಪಂಡಿತರ ಸುಖಕ್ಕಾಗಿ ಮಾತ್ರವಲ್ಲ, ಹೊರಗೆ ನಿಂತವನ ಹಿತಕ್ಕಾಗಿಯೂ ಅಹುದು. ಇದು ಒಂದನೆಯ ಅಂಶ. ಎರಡನೆಯದೇನೆಂದರೆ, ಆ ದಿನ ಆ ಕಾರ್ಯಗಳು ಅಸಾಧ್ಯವೆಂದು ಯಾರೂ ಸಾಧಿಸಿರಲಿಲ್ಲ. ಅನುಭವದಿಂದ ಊಹಿಸಿದ್ದರು, ಅಷ್ಟೆ. ಕೋನದ ಮತ್ತು ಘನದ ವಿಷಯದಲ್ಲಿ ಅಸಾಧ್ಯತೆಯನ್ನು ವಾಂಟ್ಜೆಲ್ ಎಂಬ ತರುಣ ಗಣಿತಜ್ಞನು 1837ರಲ್ಲಿ ಸಾಧಿಸಿದನು. ವೃತ್ತದ ವಿಷಯದಲ್ಲಿ ಜರ್ಮನಿಯ ಲಿಂಡೆಮನ್ನನು 1882ರಲ್ಲಿ ಸಾಧಿಸಿದನು.

ಹಾಗಾದರೆ ವಾಂಟ್ಜೆಲ್ಲನೂ ಲಿಂಡೆಮನ್ನನೂ ಮುಚ್ಚಿದ ಪ್ರಶ್ನೆಯನ್ನು ತೆರೆದವರಲ್ಲವೆ? ತೆರೆದವರೇ ಸರಿ. ಆದರೆ ಅವರು ಹಳೆಯ ಪ್ರಶ್ನೆಯನ್ನೇ ಹೊತ್ತು ತರಲಿಲ್ಲ. ವೃತ್ತವನ್ನು ಚೌಕಗೊಳಿಸುವುದು ಹೇಗೆ ಎಂದು ಸಾವಿರಾರು ಜನರು ಕೇಳಿದ್ದರು. ಅದು ಆಗತಕ್ಕ ಕಾರ್ಯವೋ ಅಲ್ಲವೋ ಎಂಬ ಬೇರೆ ಪ್ರಶ್ನೆಯನ್ನು ಇವರು ಕೇಳಿದರು. ಬೀಜಗಣಿತದ ಹೊಸ ಸಾಧನವನ್ನು ಕೈಯಲ್ಲಿ ಹಿಡಿದು ಕೇಳಿದರು. ಪ್ರಶ್ನೆಯ ರೂಪವು ಬದಲಾದಾಗ, ಹಳೆಯ ಕದವು ಅದನ್ನು ತಡೆಯಲಾರದು, ತಡೆಯಲೂಬಾರದು.

ಈಗ ಅದೇ ಪರಿಷತ್ತಿನ ಮತ್ತೊಂದು ಕದವನ್ನು ನೋಡಬೇಕು. 1768ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಲೂಸೆ ಎಂಬ ಹಳ್ಳಿಯ ಬಳಿ ಹೊಲದಲ್ಲಿ ದುಡಿಯುತ್ತಿದ್ದವರು ಗುಡುಗಿನಂಥ ಸದ್ದನ್ನು ಕೇಳಿ ತಲೆಯೆತ್ತಿ ನೋಡಿದರು. ಆಕಾಶದಿಂದ ಒಂದು ಕಲ್ಲು ನೆಲಕ್ಕೆ ಬಿದ್ದಿತು. ಹೋಗಿ ಮುಟ್ಟಿದಾಗ ಅದು ಬಿಸಿಯಾಗಿತ್ತು. ಕಲ್ಲು ಪ್ಯಾರಿಸ್ಸಿಗೆ ಹೋಯಿತು. ಪರಿಷತ್ತಿನ ಮೂವರು ಪಂಡಿತರು ಅದನ್ನು ಪರೀಕ್ಷಿಸಿದರು. ಆಧುನಿಕ ರಸಾಯನಶಾಸ್ತ್ರದ ಪಿತಾಮಹನೆನಿಸಿದ ಲವಾಸಿಯೆಯೂ ಅವರಲ್ಲಿ ಒಬ್ಬನು. ಇದು ಆಕಾಶದಿಂದ ಬಿದ್ದುದಲ್ಲ, ಭೂಮಿಯಲ್ಲಿಯೇ ಇದ್ದು ಸಿಡಿಲು ಹೊಡೆದ ಗಂಧಕಮಿಶ್ರವಾದ ಕಲ್ಲು ಎಂದು ಅವರು ಹೇಳಿದರು. ಆಕಾಶದಲ್ಲಿ ಕಲ್ಲಿಲ್ಲ, ಆದುದರಿಂದ ಆಕಾಶದಿಂದ ಕಲ್ಲು ಬೀಳಲಾರದು ಎಂಬುದೇ ಅಂದಿನ ವಿದ್ವಜ್ಜನರ ಮತವಾಗಿತ್ತು. 1790ರಲ್ಲಿ ಗ್ಯಾಸ್ಕನಿ ಪ್ರಾಂತದಲ್ಲಿ ಕಲ್ಲುಗಳು ಬಿದ್ದು, ನೂರಾರು ಜನ ಕಂಡು, ಊರಿನ ಅಧಿಕಾರಿಯೇ ರುಜು ಹಾಕಿ ಬರೆದು ಕಳುಹಿದಾಗಲೂ, ಒಂದು ಊರಿಗೆ ಊರೇ ಕಟ್ಟುಕಥೆಗೆ ಸಾಕ್ಷಿ ನಿಂತಿದೆಯೆಂದು ವಿದ್ವಾಂಸರು ನಕ್ಕರು.

ಆ ಕದವು ತೆರೆದ ಬಗೆಯು ಮನನೀಯವಾಗಿದೆ. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಎಂಬವನು ನಾನಾ ದೇಶಗಳ ನಾನಾ ಕಾಲಗಳ ವರದಿಗಳನ್ನು ಒಟ್ಟುಗೂಡಿಸಿ, ಒಬ್ಬರನ್ನೊಬ್ಬರು ಅರಿಯದ ಜನರ ಮಾತುಗಳು ಇಷ್ಟು ಹೊಂದಿಕೊಳ್ಳುವುದು ಸುಳ್ಳಿನಿಂದ ಸಾಧ್ಯವಿಲ್ಲವೆಂದು ವಾದಿಸಿದನು. 1798ರ ಡಿಸೆಂಬರಿನಲ್ಲಿ ಭರತಖಂಡದ ಕಾಶೀಕ್ಷೇತ್ರದ ಸಮೀಪದಲ್ಲಿಯೇ ಕಲ್ಲುಗಳು ಬಿದ್ದುವು. ಇಂಗ್ಲೆಂಡಿನ ಹೊವರ್ಡ್ ಎಂಬ ರಸಾಯನಜ್ಞನು ಕಾಶಿಯ ಕಲ್ಲನ್ನೂ, ಇಟಲಿಯ, ಇಂಗ್ಲೆಂಡಿನ, ಬೊಹೀಮಿಯದ ಕಲ್ಲುಗಳನ್ನೂ ಒಡೆದು ಶೋಧಿಸಿ, ಸಾವಿರಾರು ಹರಿದಾರಿ ದೂರದ ಈ ಕಲ್ಲುಗಳೆಲ್ಲ ಒಂದೇ ಜಾತಿಯವೆಂದೂ, ಅವುಗಳಲ್ಲಿರುವ ಕಬ್ಬಿಣದ ಕಣಗಳಲ್ಲೆಲ್ಲ ನಿಕಲ್ ಎಂಬ ಲೋಹವಿದೆಯೆಂದೂ 1802ರಲ್ಲಿ ತೋರಿಸಿದನು. ಮರುವರ್ಷ, 1803ರ ಏಪ್ರಿಲ್ 26ರಂದು, ಫ್ರಾನ್ಸಿನಲ್ಲಿಯೇ ಲೆಗ್ಲ್ ಎಂಬ ಊರಿನ ಸುತ್ತ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದುವು. ಸರ್ಕಾರವು ಬಿಯೊ ಎಂಬ ತರುಣ ಪಂಡಿತನನ್ನು ಕಳುಹಿತು. ಅವನು ಹಳ್ಳಿಯಿಂದ ಹಳ್ಳಿಗೆ ನಡೆದು, ಕಂಡವರನ್ನು ಬೇರೆಬೇರೆಯಾಗಿ ಕೇಳಿ, ಅವರ ಮಾತನ್ನು ನೆಲದ ಮೇಲಿನ ಕಲ್ಲಿನೊಂದಿಗೆ ತಾಳೆ ನೋಡಿ, ಕಲ್ಲು ಮೇಲಿನಿಂದ ಬಿದ್ದುದೇ ಸತ್ಯವೆಂದು ವರದಿಯಿತ್ತನು. ಅದೇ ಪರಿಷತ್ತು ಒಪ್ಪಿತು.

ಒಂದೇ ಪರಿಷತ್ತು, ಒಂದೇ ಕಾಲ, ಎರಡು ಕದಗಳು. ವೃತ್ತಕ್ಕೆ ಇಕ್ಕಿದ ಕದವು ಇಂದಿಗೂ ಸರಿ. ಕಲ್ಲಿಗೆ ಇಕ್ಕಿದ ಕದವು ತಪ್ಪು. ಮುಚ್ಚುವಾಗ ಎರಡಕ್ಕೂ ಪೂರ್ಣವಾದ ಸಾಧನೆಯಿರಲಿಲ್ಲ. ಹಾಗಾದರೆ ಭೇದವೆಲ್ಲಿ? ವೃತ್ತದ ವಿಷಯದಲ್ಲಿ ನೂರು ಸಲ ಬಂದ ಬರಹಗಳನ್ನು ನೂರು ಸಲವೂ ಓದಿ, ಬಂದುದು ಅದೇ ಎಂದು ಕಂಡು ಮುಚ್ಚಿದರು. ಕಲ್ಲಿನ ವಿಷಯದಲ್ಲಿಯಾದರೋ, ಬಂದ ಒಂದೊಂದು ಸಾಕ್ಷ್ಯವೂ ಹೊಸದಾಗಿತ್ತು. ಅದನ್ನು ತಂದವನು ಹಳ್ಳಿಗನೆಂಬ ಕಾರಣಕ್ಕೆ ಮುಚ್ಚಿದರು. ಅಲ್ಲಿ ವಿಚಾರವನ್ನು ಮುಗಿಸಿ ಕದವಿಕ್ಕಿದರು. ಇಲ್ಲಿ ವಿಚಾರವನ್ನೇ ಹೊರಗಿಟ್ಟು ಕದವಿಕ್ಕಿದರು. ಹೊಸ ಕಲ್ಲು ಬಿದ್ದಾಗಲೆಲ್ಲ ಹಳೆಯ ಉತ್ತರವನ್ನೇ ಹೇಳಿದವರು ದೃಢಚಿತ್ತರಲ್ಲ; ಕೇಳುವುದಕ್ಕೆ ಬೇಸತ್ತವರು.

ಈ ವಿವೇಕವನ್ನು ಭಾರತೀಯ ಧರ್ಮಶಾಸ್ತ್ರವು ಬಹು ಹಿಂದೆಯೇ ಕಂಡಿದ್ದಿತು. ವ್ಯವಹಾರದಲ್ಲಿ ಪ್ರತಿವಾದಿಯು ಕೊಡತಕ್ಕ ಉತ್ತರವು ನಾಲ್ಕು ವಿಧವೆಂದು ಸ್ಮೃತಿಕಾರರು ಹೇಳುತ್ತಾರೆ. ಒಪ್ಪಿಕೊಳ್ಳುವುದು, ಸುಳ್ಳೆನ್ನುವುದು, ಬೇರೆ ಕಾರಣವನ್ನು ಮುಂದಿಡುವುದು, ಇವು ಮೂರು. ನಾಲ್ಕನೆಯದು 'ಪ್ರಾಙ್ನ್ಯಾಯ', ಈ ವ್ಯಾಜ್ಯದಲ್ಲಿ ಇವನು ಹಿಂದೆಯೇ ನನಗೆ ಸೋತಿರುವನು ಎನ್ನುವುದು. ಅದು ನಿಜವಾದರೆ ವ್ಯಾಜ್ಯವು ಅಲ್ಲಿಗೇ ನಿಲ್ಲುತ್ತದೆ. ಇಂದಿನ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ, ಅಂದರೆ 1908ರ ಶಾಸನದ, 11ನೆಯ ಪ್ರಕರಣವೂ ಇದೇ ತತ್ತ್ವವನ್ನು ಹೇಳುತ್ತದೆ: ಅದೇ ಕಕ್ಷಿಗಳ ನಡುವೆ ಅದೇ ವಿಷಯವು ಒಮ್ಮೆ ವಿಚಾರಿಸಿ ತೀರ್ಮಾನವಾಗಿದ್ದರೆ ಮತ್ತೆ ವಿಚಾರಿಸತಕ್ಕದ್ದಲ್ಲ.

ಆದರೆ ಸ್ಮೃತಿಯು ಇಲ್ಲಿಗೇ ನಿಲ್ಲುವುದಿಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದನು. ಶರಣರ ಪಾದಧೂಳಿಯಿಂದ ಮುಂದೆ ಪಾವನವಾಗಲಿದ್ದ ಅದೇ ಕಲ್ಯಾಣಪಟ್ಟಣದಲ್ಲಿ, ಆ ಚಕ್ರವರ್ತಿಯ ಆಶ್ರಯದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದ ಕೊನೆಯಲ್ಲಿ ಎರಡು ವಿಧಿಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು: ರಾಗಲೋಭಾದಿಗಳಿಂದ ಕೆಟ್ಟದಾಗಿ ನಿರ್ಣಯಿಸಲ್ಪಟ್ಟ ವ್ಯಾಜ್ಯವನ್ನು ಅರಸನು ಮತ್ತೆ ನೋಡಬೇಕು, ಹಾಗೆ ನೋಡಿ ತಪ್ಪು ಕಂಡುಬಂದರೆ, ಗೆದ್ದವನಿಗೂ ತೀರ್ಪಿತ್ತ ಸಭ್ಯರಿಗೂ ಇಮ್ಮಡಿ ದಂಡ ವಿಧಿಸಬೇಕು. ಇನ್ನೊಂದು: ನ್ಯಾಯವಾಗಿಯೇ ಸೋತಿದ್ದರೂ ನಾನು ಸೋತಿಲ್ಲವೆಂದು ಭಾವಿಸಿ ಮರಳಿ ಬಂದವನನ್ನು ಮರಳಿ ಸೋಲಿಸಿ, ಅವನಿಗೂ ಇಮ್ಮಡಿ ದಂಡ ವಿಧಿಸಬೇಕು. ಇದಲ್ಲದೆ, ಬಲಾತ್ಕಾರದಿಂದಾಗಲಿ ಮೋಸದಿಂದಾಗಲಿ ನಡೆದ ವ್ಯವಹಾರಗಳನ್ನು, ರಾತ್ರಿಯಲ್ಲಿ, ಮನೆಯೊಳಗೆ, ಊರ ಹೊರಗೆ, ಶತ್ರುಗಳಿಂದ ಆದ ವ್ಯವಹಾರಗಳನ್ನು ರದ್ದುಮಾಡಬೇಕೆಂದು ಅದೇ ಅಧ್ಯಾಯವು ಬೇರೊಂದೆಡೆಯಲ್ಲಿ ಹೇಳುತ್ತದೆ.

ಈ ವಿಧಿಗಳ ತೂಕವನ್ನು ಗಮನಿಸಬೇಕು. ವೃಥಾ ಕದ ತಟ್ಟಿದವನಿಗೆ ಇಮ್ಮಡಿ ದಂಡ. ವೃಥಾ ಕದವಿಕ್ಕಿದವನಿಗೂ ಇಮ್ಮಡಿ ದಂಡ. ತಕ್ಕಡಿಯ ಎರಡು ತಟ್ಟೆಗಳೂ ಸಮ. ಲೋಕರೂಢಿಯಲ್ಲಾದರೋ ತಟ್ಟಿದವನೊಬ್ಬನೇ ದಂಡವನ್ನು ತೆರುತ್ತಾನೆ; ಇಕ್ಕಿದವನನ್ನು ಕೇಳುವವರಿಲ್ಲ. ಕಲ್ಯಾಣದ ಪಂಡಿತನು ವಿವರಿಸಿದ ಧರ್ಮವು ಹಾಗಲ್ಲ. ತೀರ್ಪಿತ್ತವನೂ ತನ್ನ ತೀರ್ಪಿಗೆ ಹೊಣೆಗಾರನೆಂದು ಅದು ಸಾರುತ್ತದೆ. ಮತ್ತೊಂದು ಸೂಕ್ಷ್ಮವೂ ಇದೆ. ಮರಳಿ ನೋಡುವವನು ಮೊದಲು ತೀರ್ಪಿತ್ತ ಸಭ್ಯನಲ್ಲ, ಅರಸನು. ತಾನಿಕ್ಕಿದ ಕದವನ್ನು ತಾನೇ ತೆರೆಯುವುದಕ್ಕೆ ಮನುಷ್ಯನ ಅಹಂಕಾರವು ಸುಲಭವಾಗಿ ಒಪ್ಪುವುದಿಲ್ಲ. ಆದುದರಿಂದ ಕೀಲಿಯ ಕೈ ಎರಡನೆಯವನ ಬಳಿಯೂ ಇರತಕ್ಕದ್ದು.

ಇಷ್ಟನ್ನು ಕೂಡಿಸಿ ನೋಡಿದರೆ ಪುನರ್ವಿಚಾರಕ್ಕೆ ಅರ್ಹತೆಯನ್ನು ಕೊಡುವ ಲಕ್ಷಣಗಳು ಮೂರೆಂದು ತೋರುತ್ತದೆ. ಮೊದಲನೆಯದು ನೂತನ ಸಾಧನ. ಮುಚ್ಚುವ ಕಾಲದಲ್ಲಿ ಇಲ್ಲದಿದ್ದ, ಅಥವಾ ಶ್ರದ್ಧೆಯಿಂದ ಹುಡುಕಿದರೂ ಸಿಕ್ಕದಿದ್ದ ಸಾಕ್ಷ್ಯವು ಈಗ ಬಂದಿರಬೇಕು. ಎರಡನೆಯದು ಪ್ರಶ್ನಭೇದ. ಇದು ಹಳೆಯ ಪ್ರಶ್ನೆಯೇ ಎಂದು ತಿಳಿದು ಮುಚ್ಚಿದುದು, ನೋಡಿದರೆ ಬೇರೆಯದೇ ಆಗಿರಬೇಕು. ಅಥವಾ ಕೇಳುವವನು ಅದನ್ನು ತಿದ್ದಿ ಬೇರೆಯದಾಗಿ ಮಾಡಿರಬೇಕು. ಮೂರನೆಯದು ನಿರ್ಣಯದೋಷ. ಆತುರ, ದ್ವೇಷ, ಪಕ್ಷಪಾತ, ತಪ್ಪು ಓದು, ಇವುಗಳಲ್ಲಿ ಯಾವುದಾದರೊಂದರಿಂದ ಮುಚ್ಚಿದುದೆಂದು ಆ ನಿರ್ಣಯದ ಮೇಲ್ನೋಟದಲ್ಲಿಯೇ ಕಾಣಬೇಕು. ಈ ದೇಶದ ನ್ಯಾಯಾಲಯಗಳು ತಮ್ಮ ತೀರ್ಪನ್ನು ತಾವೇ ಪುನರ್ವಿಮರ್ಶೆ ಮಾಡುವುದಕ್ಕೆ ಸಿವಿಲ್ ಸಂಹಿತೆಯ 47ನೆಯ ಆದೇಶದಲ್ಲಿ ಹೇಳಿರುವ ಕಾರಣಗಳಲ್ಲಿಯೂ ಹೊಸ ಮತ್ತು ಮುಖ್ಯವಾದ ಸಾಕ್ಷ್ಯವು, ದಾಖಲೆಯ ಮೇಲ್ನೋಟಕ್ಕೇ ಕಾಣುವ ತಪ್ಪು, ಇವೆರಡೂ ಮುಂದೆ ನಿಂತಿವೆ.

ಯಾವುದು ಲಕ್ಷಣವಲ್ಲವೆಂಬುದನ್ನೂ ಹೇಳಬೇಕು. ಕೇಳುವವನ ಕೋಪವು ಲಕ್ಷಣವಲ್ಲ. ಅವನ ಕಣ್ಣೀರೂ ಅಲ್ಲ. ಅವನು ಎಷ್ಟು ಸಲ ಬಂದನೆಂಬ ಎಣಿಕೆಯೂ ಅಲ್ಲ. ಅವನ ಹಿಂದೆ ಎಷ್ಟು ಜನ ಇದ್ದಾರೆಂಬುದೂ ಅಲ್ಲ. ಅವನ ಸಿರಿ, ಪದವಿ, ವಿದ್ಯೆಗಳಂತೂ ಸರ್ವಥಾ ಅಲ್ಲ. ಇವೆಲ್ಲ ಕೇಳುವವನ ಗುಣಗಳು, ಪ್ರಶ್ನೆಯ ಗುಣಗಳಲ್ಲ. ಕಾಲವು ಕಳೆದುದೊಂದೇ ಸಾಕಾದ ಕಾರಣವಲ್ಲ. ಆದರೆ ಕಾಲವು ಹೊಸ ಸಾಧನವನ್ನು ತಂದಿದ್ದರೆ ಅದು ಕಾರಣವಾಗುತ್ತದೆ. ಪ್ಯಾರಿಸ್ಸಿನಲ್ಲಿಯೇ 1866ರಲ್ಲಿ ಭಾಷಾವಿಜ್ಞಾನದ ಒಂದು ಸಂಘವು, ಮಾನವಭಾಷೆಯ ಮೂಲವನ್ನು ಕುರಿತ ಲೇಖನಗಳನ್ನು ಸ್ವೀಕರಿಸುವುದಿಲ್ಲವೆಂದು ತನ್ನ ನಿಯಮದಲ್ಲಿಯೇ ಬರೆಯಿತು. ಸಾಕ್ಷ್ಯವಿಲ್ಲದೆ ಊಹೆಗಳೇ ಬೆಳೆಯುತ್ತಿದ್ದಾಗ ಅದು ಯುಕ್ತವೇ ಆಗಿತ್ತು. ಮುಂದೆ ಪ್ರಾಚೀನ ಮಾನವನ ಅಸ್ಥಿಗಳು, ಶಿಶುಗಳ ನುಡಿಗಲಿಕೆ, ಪ್ರಾಣಿಗಳ ಸಂಕೇತಗಳು, ವಂಶವಾಹಿಗಳು, ಇವುಗಳ ಅಭ್ಯಾಸವು ಬೆಳೆದ ಮೇಲೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ಪ್ರಶ್ನೆಯನ್ನು ವಿದ್ವಾಂಸರು ಮರಳಿ ಕೈಗೆತ್ತಿಕೊಂಡರು. ಮುಚ್ಚಿದವರೂ ತಪ್ಪಲಿಲ್ಲ, ತೆರೆದವರೂ ತಪ್ಪಲಿಲ್ಲ.

ಇಲ್ಲಿ ಒಂದು ಶಂಕೆಯುಂಟಾಗಬಹುದು. ಹೊಸದನ್ನು ತೋರಿಸಿದವನಿಗೆ ಮಾತ್ರ ತೆರೆಯಬೇಕೆಂದರೆ, ಮಾತು ಬಲ್ಲವನಿಗೆ ಮಾತ್ರ ತೆರೆದಂತಾಗಲಿಲ್ಲವೆ? ಪಾಮರನು ತನ್ನ ಪ್ರಶ್ನೆಯಲ್ಲಿ ಹೊಸದೇನಿದೆಯೆಂದು ಬಿಡಿಸಿ ಹೇಳಲಾರನು. ಲೂಸೆಯ ಹೊಲದಲ್ಲಿ ದುಡಿಯುತ್ತಿದ್ದವರಿಗೆ ಪಂಡಿತರ ಭಾಷೆಯೂ ತಿಳಿಯದು, ರಸಾಯನವೂ ತಿಳಿಯದು. ಅವರ ಬಳಿ ಇದ್ದುದು ಕಣ್ಣು ಮತ್ತು ಕಲ್ಲು, ಎರಡೇ. ಅಂಥವರ ಗತಿಯೇನು?

ಶಂಕೆಯು ಸಮಂಜಸವಾದುದು. ಅದಕ್ಕೆ ಸಮಾಧಾನವಿದು. ಹೊಸದನ್ನು ತೋರಿಸುವ ಹೊಣೆಯು ಕೇಳುವವನದು. ಆದರೆ ಅದನ್ನು ತೋರಿಸುವುದಕ್ಕೆ ದಾರಿಯನ್ನು ಹೇಳುವ ಹೊಣೆಯು ಮುಚ್ಚಿದವನದು. ಬರಿದೆ 'ಆಗದು' ಎಂದು ಕದವಿಕ್ಕಿದವನು ಅರ್ಧ ಕರ್ತವ್ಯವನ್ನು ಮಾಡಿದನು. ಇಂಥ ಕಾರಣದಿಂದ ಆಗದು, ಇಂಥದನ್ನು ತಂದರೆ ಮತ್ತೆ ನೋಡಲಾಗುವುದು ಎಂದು ಕದದ ಮೇಲೆ ಬರೆದಿಟ್ಟವನು ಪೂರ್ಣ ಕರ್ತವ್ಯವನ್ನು ಮಾಡಿದನು. ಮರಳಿ ಬಂದವನನ್ನು ಒಂದು ಸಲವಾದರೂ ಕೇಳಬೇಕು: ಹಿಂದಿನದಕ್ಕೂ ಇಂದಿನದಕ್ಕೂ ಏನು ಭೇದ? ಈ ಒಂದು ಮಾತಿಗೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಉತ್ತರ ಹೇಳಲು ತೊದಲಿದವನಿಗೆ ತಾಳ್ಮೆಯಿಂದ ಕಿವಿಗೊಡಬೇಕು. ತೊದಲಿನ ಹಿಂದೆ ಕಲ್ಲು ಇದ್ದರೂ ಇರಬಹುದು. ಬಿಯೊ ಮಾಡಿದುದು ಇದನ್ನೇ. ಅವನು ಹಳ್ಳಿಗರಿಂದ ಸಿದ್ಧಾಂತವನ್ನು ಕೇಳಲಿಲ್ಲ, ಕಂಡುದನ್ನು ಕೇಳಿದನು. ಸಿದ್ಧಾಂತವನ್ನು ಕಟ್ಟುವ ಕೆಲಸವನ್ನು ತಾನು ಮಾಡಿದನು.

ಕದವು ತಪ್ಪಾಗಿ ಮುಚ್ಚಿದ್ದರೆ ಅದರ ಬೆಲೆಯನ್ನು ತೆರುವವರು ಪಂಡಿತರಲ್ಲ, ಹೊರಗೆ ನಿಂತವರು. ಜಠರದ ಹುಣ್ಣಿನ ಕಥೆಯು ಇದಕ್ಕೆ ನಿದರ್ಶನ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಈ ವ್ಯಾಧಿಗೆ ಆಮ್ಲದ ಆಧಿಕ್ಯವೂ ಮನಸ್ಸಿನ ಕಳವಳವೂ ಕಾರಣವೆಂದು ವೈದ್ಯರು ನಿಶ್ಚಯಿಸಿದ್ದರು. ಜಠರದ ಆಮ್ಲದಲ್ಲಿ ಸೂಕ್ಷ್ಮಾಣುಗಳು ಬದುಕಲಾರವೆಂದು ನಂಬಿದ್ದರು. ರೋಗಿಗಳು ವರ್ಷಗಟ್ಟಲೆ ಔಷಧ ಸೇವಿಸಿದರು. ಅನೇಕರು ಜಠರದ ಭಾಗವನ್ನೇ ಕತ್ತರಿಸಿಕೊಂಡರು. 1979ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರನ್ ಎಂಬ ವೈದ್ಯನು ಜಠರದ ಪೊರೆಯಲ್ಲಿ ಬಾಗಿದ ಆಕಾರದ ಸೂಕ್ಷ್ಮಾಣುಗಳನ್ನು ಕಂಡನು. ಮುಂದೆ ಮಾರ್ಷಲ್ ಎಂಬ ತರುಣನು ಅವನ ಜೊತೆಗೂಡಿದನು. ಇಬ್ಬರೂ ಆ ಸೂಕ್ಷ್ಮಾಣುವನ್ನು ತಟ್ಟೆಯಲ್ಲಿ ಬೆಳೆಸಲು ಯತ್ನಿಸಿದರು. ಎರಡು ದಿನ ನೋಡಿ, ಏನೂ ಬೆಳೆಯದಿದ್ದರೆ ತಟ್ಟೆಯನ್ನು ಎಸೆಯುವುದು ಪ್ರಯೋಗಶಾಲೆಯ ರೂಢಿ. ಹಾಗೆಯೇ ಎಷ್ಟೋ ತಟ್ಟೆಗಳನ್ನು ಎಸೆದರು. 1982ರಲ್ಲಿ ಈಸ್ಟರ್ ಹಬ್ಬದ ರಜೆ ಬಂದುದರಿಂದ ತಟ್ಟೆಗಳು ಎರಡು ದಿನಗಳಿಗಿಂತ ಹೆಚ್ಚು ಕಾಲ ಹಾಗೆಯೇ ಉಳಿದುವು. ಮರಳಿ ಬಂದು ನೋಡಿದರೆ ಸೂಕ್ಷ್ಮಾಣುಗಳು ಬೆಳೆದಿದ್ದುವು. ಬೀಜವು ಸತ್ತಿರಲಿಲ್ಲ, ನೋಡುವವರಿಗೆ ಆತುರವಾಗಿತ್ತು.

ಆದರೂ ವೈದ್ಯಲೋಕವು ಒಡನೆಯೇ ಒಪ್ಪಲಿಲ್ಲ. ಒಪ್ಪದಿದ್ದುದೂ ಪೂರ್ಣವಾಗಿ ತಪ್ಪಲ್ಲ. ಸೂಕ್ಷ್ಮಾಣುವು ಹುಣ್ಣಿನ ಕಾರಣವೋ, ಹುಣ್ಣಾದ ಮೇಲೆ ಬಂದು ಸೇರಿದುದೋ ಎಂಬುದು ಇನ್ನೂ ತಿಳಿಯಬೇಕಾಗಿತ್ತು. ಆಗ ಮಾರ್ಷಲ್ಲನು ಕೂಗಾಡಲಿಲ್ಲ. 1984ರಲ್ಲಿ ತಾನೇ ಆ ಸೂಕ್ಷ್ಮಾಣುಗಳ ದ್ರವವನ್ನು ಕುಡಿದು, ಜಠರದ ಉರಿಯೂತವನ್ನು ತನ್ನ ದೇಹದಲ್ಲಿಯೇ ಉಂಟುಮಾಡಿಕೊಂಡು ತೋರಿಸಿದನು. ತಟ್ಟುವವನು ತರತಕ್ಕ ಸಾಧನವೆಂದರೆ ಇಂಥದು. ಹತ್ತು ವರ್ಷಗಳು ಕಳೆದು 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಈ ಸೂಕ್ಷ್ಮಾಣುವಿರುವ ಹುಣ್ಣಿಗೆ ಅದನ್ನು ಕೊಲ್ಲುವ ಔಷಧವನ್ನು ಕೊಡಬೇಕೆಂದು ಹೇಳಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ಸಂದಿತು. ಕದವು ತೆರೆಯುವ ವರೆಗಿನ ವರ್ಷಗಳಲ್ಲಿ ಕೆಲವು ದಿನಗಳ ಔಷಧದಿಂದ ಗುಣವಾಗತಕ್ಕ ನೋವನ್ನು ಅನುಭವಿಸಿದವರ ಲೆಕ್ಕವನ್ನು ಯಾರು ಇಟ್ಟಿರುವರು?

ಪುನರ್ವಿಚಾರವೆಂದರೆ ಹಿಂದಿನ ನಿರ್ಣಯಕ್ಕೆ ಅವಮಾನವೆಂದು ಕೆಲವರು ಅಂಜುವುದುಂಟು. ಇದು ಭ್ರಮೆ. ತೆರೆಯುವುದು ಬೇರೆ, ಒಪ್ಪುವುದು ಬೇರೆ. ತೆರೆದು ನೋಡಿದ ಮೇಲೆ ಹಳೆಯ ಉತ್ತರವೇ ಸರಿಯೆಂದು ಕಂಡುಬರಬಹುದು. ಆಗಲೂ ಶ್ರಮವು ವ್ಯರ್ಥವಲ್ಲ. 'ಸ್ಥೂಣಾನಿಖನನ ನ್ಯಾಯ'ವೆಂಬುದೊಂದುಂಟು. ಕಂಬವನ್ನು ನೆಡುವವನು ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಾನೆ. ಅದು ಕಂಬವನ್ನು ಕೀಳುವುದಕ್ಕಲ್ಲ, ಭದ್ರಪಡಿಸುವುದಕ್ಕೆ. ಅಲ್ಲಾಡಿಸಿದಾಗ ಬಿದ್ದುಹೋಗುವ ಕಂಬವು ಮೊದಲೇ ಭದ್ರವಾಗಿರಲಿಲ್ಲ. ಮಾಡು ಹೊದಿಸುವ ಮುನ್ನವೇ ಅದು ತಿಳಿದುದು ಒಳಿತಾಯಿತು. ಆದರೆ ನೆಟ್ಟು ಮಣ್ಣು ಗಟ್ಟಿಯಾದ ಮೇಲೂ, ಏನೂ ಕಾರಣವಿಲ್ಲದೆ, ದಾರಿಹೋಕರೆಲ್ಲ ಅಲ್ಲಾಡಿಸುತ್ತ ಹೋದರೆ ಯಾವ ಕಂಬವೂ ನಿಲ್ಲದು. ನೆಡುವವನ ಅಲ್ಲಾಟವೇ ಬೇರೆ, ಕೀಳುವವನ ಅಲ್ಲಾಟವೇ ಬೇರೆ.

ಕೊನೆಯದಾಗಿ ಗೃಹಸ್ಥರ ಮಾತು. ಮನೆಯಲ್ಲಿಯೂ ಮುಚ್ಚಿದ ಪ್ರಶ್ನೆಗಳುಂಟು, ಅವು ಎರಡು ಬಗೆಯವು. ಕ್ಷಮಿಸಿ ಮುಚ್ಚಿದುವು ಕೆಲವು. ಇಪ್ಪತ್ತು ವರ್ಷಗಳ ಹಿಂದೆ ಅತ್ತೆಯಾಡಿದ ಮಾತು, ಒಮ್ಮೆ ತಪ್ಪಿ ನಡೆದ ತಮ್ಮನ ನಡತೆ, ಒಪ್ಪಿಕೊಂಡು ತೀರಿಸಿದ ಸಾಲ, ಇವುಗಳಲ್ಲಿ ತಿಳಿಯಬೇಕಾದುದು ಏನೂ ಉಳಿದಿಲ್ಲ. ಪ್ರತಿ ಜಗಳದಲ್ಲಿಯೂ ಅವನ್ನು ತೆರೆಯುವವನು ಸತ್ಯವನ್ನು ಹುಡುಕುವುದಿಲ್ಲ, ಗಾಯವನ್ನು ಹುಡುಕುತ್ತಾನೆ. ಅದು ಪಿಷ್ಟಪೇಷಣಕ್ಕಿಂತಲೂ ಹೀನವಾದುದು; ಬೀಸುಕಲ್ಲಿಗೆ ಸಿಕ್ಕುವುದು ಹಿಟ್ಟಲ್ಲ, ಮನುಷ್ಯನ ಹೃದಯ. ತೀರ್ಪಿತ್ತು ಮುಚ್ಚಿದುವು ಇನ್ನು ಕೆಲವು. ತಂಗಿಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ಹಳೆಯ ಪತ್ರವೊಂದು ಈಗ ಹೇಳುತ್ತದೆ. ಕಳವಿನ ಅಪವಾದ ಹೊತ್ತು ಮನೆಬಿಟ್ಟು ಹೋದ ಆಳಿನ ನಿರ್ದೋಷವು, ಕಳೆದ ವಸ್ತು ಅಟ್ಟದ ಮೇಲೆ ಸಿಕ್ಕಿದಾಗ, ಈಗ ಬೆಳಕಿಗೆ ಬಂದಿದೆ. ಇಂಥಲ್ಲಿ, ಆದುದು ಆಗಿಹೋಯಿತು, ಮುಗಿದ ಮಾತನ್ನು ಏಕೆ ಎತ್ತುವುದು ಎನ್ನುವವನು ಶಾಂತಿಯನ್ನು ಕಾಯುವುದಿಲ್ಲ, ತನ್ನ ತಪ್ಪನ್ನು ಕಾಯುತ್ತಾನೆ. ಆ ಆಳಿನ ಮನೆಬಾಗಿಲಿಗೆ ಯಜಮಾನನೇ ನಡೆದು ಹೋಗಬೇಕು. ಅಲ್ಲಿ ತಟ್ಟತಕ್ಕವನು ಅವನಲ್ಲ, ಇವನು.

ಆದುದರಿಂದ ಬಲ್ಲವನು ತನ್ನ ಪ್ರಶ್ನೆಗಳಿಗೆ ಕದವನ್ನಿಡಲಿ, ಗೋಡೆಯನ್ನು ಕಟ್ಟದಿರಲಿ. ಕದಕ್ಕೆ ಅಗಳಿಯಿರಲಿ, ಇಕ್ಕಿದ ಕಾರಣವು ಹೊರಗೆ ನಿಂತವನಿಗೆ ಓದಲು ಬರುವಂತಿರಲಿ. ತಟ್ಟುವವನು ಬರಿಗೈಯಲ್ಲಿ ತಟ್ಟದಿರಲಿ. ಹೊಸದನ್ನು ತಂದು ತಟ್ಟಲಿ. ಒಳಗಿರುವವನು ಬಂದವನಾರೆಂದು ಕೇಳುವ ಮುನ್ನ ತಂದುದೇನೆಂದು ಕೇಳಲಿ. ಇಷ್ಟು ನಡೆದರೆ ಮುಚ್ಚುವುದೂ ಧರ್ಮವೇ, ತೆರೆಯುವುದೂ ಧರ್ಮವೇ.